ಆನ್‌ಲೈನ್ ನಿನೊಂಗ್ ನೇಮಕಾತಿ

ಮಾಲಿಗ್ಬಾಂಗ್ ಬರಂಗಾಯ್‌ನಲ್ಲಿ ಆನ್‌ಲೈನ್ ಆಟವಾಡುವ ಮಕ್ಕಳ ಸುರಕ್ಷತೆಗೆ ಹೊಣೆಗಾರರೇ ಇರಲಿಲ್ಲ ಎಂದು ಕೆಲವರು ಆಡಿಕೊಳ್ಳುವುದು ಶುದ್ಧ ಸುಳ್ಳು. ಹೊಣೆಗಾರರು ಹನ್ನೊಂದು ಮಂದಿ ಇದ್ದರು. ಅವರ ಹೆಸರು, ಹುದ್ದೆ, ಭಾವಚಿತ್ರಗಳಿದ್ದ ಬ್ಯಾನರ್ ಊರ ಆಡಳಿತ ನೋಡುವ ಬರಂಗಾಯ್ ಕಚೇರಿಯ ಮುಂದೆ ವರ್ಷವಿಡೀ ತೂಗುತ್ತಿತ್ತು. ಹನ್ನೊಂದನೆಯ ಮುಖ, ಕೆಳಗಿನ ಮೂಲೆಯಲ್ಲಿ ಅರ್ಧ ಮಡಿಕೆಯೊಳಗೆ ಸಿಕ್ಕಿಕೊಂಡಿದ್ದು, ಮಹಿಳಾ ಮತ್ತು ಮಕ್ಕಳ ವಿಭಾಗದ ಅಧಿಕಾರಿ ಲುಸ್ವಿಮಿಂದಾ ಗಲ್ವೇಸ್‌ಳದು. ವಿಭಾಗ ಎಂದರೆ ಒಂದು ಮೇಜು, ಎದುರುಬದುರು ಎರಡು ಕುರ್ಚಿ, ‘ಸ್ವೀಕರಿಸಲಾಗಿದೆ’ ಎಂಬ ಒಂದು ಮೊಹರು. ಇಷ್ಟು ವರ್ಷದ ಸೇವೆಯಲ್ಲಿ ಮಿಂದಾ ಆ ಮೊಹರನ್ನು ಒಮ್ಮೆಯೂ ಓರೆಯಾಗಿ ಒತ್ತಿರಲಿಲ್ಲ. ನಿನ್ನ ಸಾಧನೆ ಏನೆಂದು ಯಾರಾದರೂ ಕೇಳಿದರೆ ಅದನ್ನೇ ಹೇಳಬೇಕೆಂದುಕೊಂಡಿದ್ದಳು. ಯಾರೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ಅವಳ ಹತ್ತು ವರ್ಷದ ಮಗಳು ಜೆಲ್ಲೈ, ಬನ್ನನ್ನು ಕಾಫಿಯಲ್ಲಿ ಅದ್ದುತ್ತಾ, ಫೋನಿನಿಂದ ಕಣ್ಣು ತೆಗೆಯದೆ, ಅಮ್ಮನನ್ನು ಅಲ್ಲಿಯ ರೂಢಿಯಂತೆ ‘ನಾಯ್’ ಎಂದು ಕರೆದು ಹೇಳಿದಳು:

“ನಾಯ್, ಕುಯಾ ಸನ್ನಿ ನಂಗೆ ಚಿನ್ನದ ಹಂದಿ ಕೊಟ್ಟ!”

“ಯಾವ ಸನ್ನಿ? ಮೂಲೆ ಮನೆಯವನಾ?”

“ಅಯ್ಯೋ, ಆಟದೊಳಗಿನವನು. ಹಂದಿಮರಿ ದ್ವೀಪದಲ್ಲಿ ಎಲ್ಲರಿಗೂ ಅವನೇ ಕುಯಾ, ಅವನೇ ಅಣ್ಣ. ಸ್ಕೂಲು ಎಷ್ಟೊತ್ತಿಗೆ ಬಿಡುತ್ತೆ, ಯಾವ ಗೇಟಿಂದ ಬರ್ತೀಯ ಅಂತ ಕೇಳ್ತಿದಾನೆ. ಯೂನಿಫಾರ್ಮ್ ಹಾಕ್ಕೊಂಡ ಫೋಟೋನೂ ಬೇಕಂತೆ. ಹೇಳ್ಲಾ?”

ಮಿಂದಾ ಫೋನು ಕಿತ್ತುಕೊಂಡಳು. ಆಮೇಲೆ ಅಧಿಕಾರಿಯಾಗಿ ಏನು ಮಾಡಬೇಕೆಂದು ಯೋಚಿಸಿ, ಏನೂ ಹೊಳೆಯದೆ, ತಾಯಿಯಾಗಿ ದೂರು ಕೊಡುವುದೆಂದು ನಿಶ್ಚಯಿಸಿದಳು.

ಆಟದ ಕಂಪನಿಯಿಂದ ಎರಡು ನಿಮಿಷದಲ್ಲಿ ಉತ್ತರ ಬಂತು. ಮಕ್ಕಳ ಸುರಕ್ಷತೆ ತಮ್ಮ ಪ್ರಾಣವೆಂದೂ, ಅದರ ಹೊಣೆ ಪೋಷಕರದೆಂದೂ, ಈ ಉತ್ತರಕ್ಕೆ ಎಷ್ಟು ನಕ್ಷತ್ರ ಕೊಡುವಿರೆಂದೂ ಅದರಲ್ಲಿತ್ತು. ಮಿಂದಾ ಅವಸರದಲ್ಲಿ ಐದು ನಕ್ಷತ್ರ ಕೊಟ್ಟುಬಿಟ್ಟಳು. ಶಾಲೆಯ ಫ್ಲೊರ್ದೆಲಿಸ್ ಟೀಚರು, ಆಟ ಶಾಲೆಯ ಕಾಂಪೌಂಡಿನೊಳಗೆ ನಡೆದಿಲ್ಲವಾದ್ದರಿಂದ ತಮಗೆ ಸಂಬಂಧವಿಲ್ಲ, ಆದರೆ ಮನೆಪಾಠ ಫೋನಿನಲ್ಲೇ ಬರುವುದರಿಂದ ಫೋನು ಕಿತ್ತುಕೊಳ್ಳುವಂತಿಲ್ಲ ಎಂದರು. ಪಟ್ಟಣದ ಪೊಲೀಸ್ ಠಾಣೆಯವನು ಎಲ್ಲವನ್ನೂ ಸಹನೆಯಿಂದ ಕೇಳಿ, ಪೆನ್ನು ಮುಚ್ಚಿದ.

“ಮೊದ್ಲು ನಿಮ್ಮ ಬರಂಗಾಯ್‌ನ ಮಹಿಳಾ ಮತ್ತು ಮಕ್ಕಳ ವಿಭಾಗದಿಂದ ಶಿಫಾರಸು ಪತ್ರ ತನ್ನಿ, ಮೇಡಂ. ಅಲ್ಲಿರೋ ಹೆಂಗಸು ಸ್ವಲ್ಪ ನಿಧಾನ ಅಂತ ಕೇಳಿದೀನಿ. ಬೆನ್ನು ಹತ್ತಿದ್ರೆ ಮಾಡ್ಕೊಡ್ತಾಳೆ.”

“ಬೆನ್ನು ಹತ್ತುತ್ತೀನಿ,” ಎಂದಳು ಮಿಂದಾ.

ಆ ಮಧ್ಯಾಹ್ನವೇ ಅವಳು ದೂರುದಾರರ ಕುರ್ಚಿಯಲ್ಲಿ ಕೂತು ಅರ್ಜಿ ಬರೆದಳು. ಎದ್ದು, ಮೇಜು ಸುತ್ತಿ, ಅಧಿಕಾರಿಯ ಕುರ್ಚಿಯಲ್ಲಿ ಕೂತು ಮೊಹರು ಒತ್ತಿದಳು. ನೆಟ್ಟಗೇ ಬಿತ್ತು. ಆದರೆ ಕೈಪಿಡಿಯ ಹದಿನಾಲ್ಕನೆಯ ನಿಯಮದಂತೆ ಅಧಿಕಾರಿಯು ತನ್ನ ರಕ್ತಸಂಬಂಧಿಗಳ ದೂರನ್ನು ತಾನೇ ವಿಚಾರಿಸುವಂತಿಲ್ಲ. ಇನ್ನೊಬ್ಬ ಅಧಿಕಾರಿ ನೇಮಕವಾಗುವವರೆಗೆ ದೂರು ಬಾಕಿ ಇರತಕ್ಕದ್ದು. ಇನ್ನೊಬ್ಬ ಅಧಿಕಾರಿ ಇರಲಿಲ್ಲ. ಈ ನಿಯಮವನ್ನು ಓದಿ ಹೇಳಿ ಹಿಂದೆ ಅವಳೇ ತನ್ನ ಎಷ್ಟೋ ಮಂದಿ ನೆಂಟರನ್ನು ಸಾಗಹಾಕಿದ್ದಳು. ಆಗೆಲ್ಲ ಅದು ಬಹಳ ಸ್ಪಷ್ಟವಾದ ನಿಯಮವೆನ್ನಿಸಿತ್ತು.

ಕೊನೆಗೆ ಅವಳು ಬರಂಗಾಯ್‌ನ ಮುಖ್ಯಸ್ಥ ಕಪಿತಾನ್ ಎಲಿಸೇಯೊ ಗುಂಬಾನರ ಕಾಲಿಗೆ ಬಿದ್ದಷ್ಟು ಮಾಡಿದಳು. ಅವರು ಕರಗಿದರು. ಹೊಸ ಬ್ಯಾನರ್ ಅಚ್ಚಾಗಿ ಬಂದ ಕೂಡಲೇ ಸಭೆ ಕರೆಯಲಾಯಿತು. ಪ್ರಾರ್ಥನೆ, ರಾಷ್ಟ್ರಗೀತೆ, ಬ್ಯಾನರ್ ಹಿಡಿದು ಫೋಟೋ, ಪನ್ಸಿತ್ ಶ್ಯಾವಿಗೆಯ ಉಪಾಹಾರ, ಉಪಾಹಾರದ ಫೋಟೋ ಇವೆಲ್ಲ ಮುಗಿದ ಮೇಲೆ ಹೊಣೆ ಯಾರದೆಂಬ ಚರ್ಚೆಗೆ ಹತ್ತು ನಿಮಿಷ ಉಳಿಯಿತು.

“ನಾನು ಅಂಗಡೀಲಿ ಕಂಪ್ಯೂಟರು ಇಟ್ಟಿದೀನಿ, ಒಂದು ಪೇಸೊಗೆ ಐದು ನಿಮಿಷ,” ಎಂದರು ಯುವಜನ ಸಮಿತಿಯ ಸದಸ್ಯ ನೆಸ್ತೋರ್. “ನಾನು ನಿಮಿಷ ಮಾರೋನು. ಆ ನಿಮಿಷದೊಳಗೆ ಯಾರಿದಾರೆ ಅಂತ ನಂಗೇನು ಗೊತ್ತು?”

“ನಂದಂತೂ ಕಾಂಪೌಂಡಿನವರೆಗೆ ಮಾತ್ರ,” ಎಂದು ಟೀಚರು ಬೇಗ ಸೇರಿಸಿದರು.

ಕಪಿತಾನರು ಬಾಯಿ ಒರೆಸಿಕೊಂಡರು. “ನಮ್ಮಲ್ಲಿ ಇದಕ್ಕೆ ದಾರಿ ಇಲ್ವೇನ್ರೀ? ಚರ್ಚಲ್ಲಿ ಜ್ಞಾನಸ್ನಾನ ಮಾಡಿಸಿ ಹೆಸರಿಡುವಾಗ ಮಗೂಗೆ ನಿನೊಂಗ್ ಅಂತ ಒಬ್ಬ ಜ್ಞಾನತಂದೇನ ನಿಲ್ಲಿಸ್ತೀವಿ. ಅಪ್ಪ ಅಮ್ಮ ತಪ್ಪಿದ್ರೂ ಅವನಿದಾನೆ ಅಂತ. ಆಟಕ್ಕೂ ಒಬ್ಬೊಬ್ಬ ನಿನೊಂಗ್‌ನ ನೇಮಿಸಿಬಿಡೋಣ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಕಪಿತಾನರು ಸ್ವತಃ ಇನ್ನೂರ ಹದಿನಾಲ್ಕು ಮಕ್ಕಳ ನಿನೊಂಗ್ ಆಗಿದ್ದರು; ಒಂಬತ್ತು ಜ್ಞಾನಸ್ನಾನಗಳಿಗೆ ಹಾಜರೂ ಆಗಿದ್ದರು. ನಿನೊಂಗ್ ಚರ್ಚಿಗೆ ಬಾರದಿದ್ದರೂ ಪಟ್ಟಿಯಲ್ಲಿ ಹೆಸರು ಬರೆಸಿದರೆ ನಡೆಯುತ್ತದೆ ಎಂಬುದು ಎಲ್ಲರೂ ಬಲ್ಲ ಪದ್ಧತಿ. ಠರಾವು ಅಲ್ಲೇ ಪಾಸಾಯಿತು. ಆನ್‌ಲೈನ್ ನಿನೊಂಗ್ ಆದವನು ದಿನಕ್ಕೆ ನಾಲ್ಕು ಗಂಟೆಯಾದರೂ ಆಟದಲ್ಲಿರಬೇಕು. ಮಗು ಕರೆದರೆ ಐದು ನಿಮಿಷದಲ್ಲಿ ಓಗೊಡಬೇಕು. ಹುಟ್ಟುಹಬ್ಬ ಮರೆಯದೆ ಉಡುಗೊರೆ ಕೊಡಬೇಕು. ಮಗು ಎಷ್ಟು ಹೊತ್ತಿಗೆ ಎಲ್ಲಿರುತ್ತದೆಂದು ಸದಾ ತಿಳಿದಿರಬೇಕು.

ಹೆಸರು ಸೂಚಿಸುವ ಅರ್ಜಿಗಳನ್ನು ಮಕ್ಕಳ ಕೈಗೇ ಕೊಡಲಾಯಿತು. ಅಪ್ಪಂದಿರಲ್ಲಿ ಯಾರಿಗೂ ಅರ್ಹತೆ ಸಾಲಲಿಲ್ಲ. ಹದಿನೇಳು ಮಕ್ಕಳ ಅರ್ಜಿಯಲ್ಲಿ ಒಂದೇ ಹೆಸರು ಬಂತು: ಕುಯಾ ಸನ್ನಿ.

ಮಿಂದಾ ಕುರ್ಚಿ ಬೀಳುವಂತೆ ಎದ್ದಳು. “ಕ್ಯಾಪ್! ನಾನು ದೂರು ಕೊಟ್ಟಿರೋದೇ ಇವನ ಮೇಲೆ!”

“ನಿಧಾನ, ಆತೆ ಮಿಂದಾ. ಆ ದೂರು ಈಗ ಯಾರ ಹತ್ರ ಇದೆ?” ಎಂದರು ಕಪಿತಾನರು, ‘ಆತೆ’ ಎಂದು ಅಕ್ಕನನ್ನು ಕರೆಯುವಂತೆ ಕರೆದು.

“ನನ್ನ ಹತ್ರಾನೇ. ಬಾಕಿ ಇದೆ.”

“ವಿಚಾರಣೆ ಆಗಿದೆಯಾ?”

“ಇಲ್ಲ. ಹದಿನಾಲ್ಕನೇ ನಿಯಮ...”

“ಹಾಗಾದ್ರೆ ಅವನ ಮೇಲೆ ಏನೂ ಸಾಬೀತಾಗಿಲ್ಲ. ಈ ನೇಮಕಕ್ಕೆ ನಿರಾಕ್ಷೇಪಣಾ ಪತ್ರ ಕೊಡೋ ಅಧಿಕಾರ ನಿಂದೇ. ದಾಖಲೆಯಲ್ಲಿ ಇರೋದನ್ನ ಬರೆಯಮ್ಮ, ಹೊಟ್ಟೆಯಲ್ಲಿರೋದನ್ನಲ್ಲ.”

“ಅವನ ನಿಜವಾದ ಹೆಸರೇ ಗೊತ್ತಿಲ್ವಲ್ಲ ಕ್ಯಾಪ್! ವಿಳಾಸ ಇಲ್ಲ!”

“ಅದು ಆಮೇಲೆ ಸಲ್ಲಿಸ್ತಾನೆ,” ಎಂದು ನೆಸ್ತೋರ್ ಸಮಾಧಾನ ಹೇಳಿದರು. “ಅಷ್ಟೊಂದು ಬಿಜಿ ಇರೋ ಮನುಷ್ಯ.”

ದಾಖಲೆಯಲ್ಲಿ ನಿಜಕ್ಕೂ ಸಾಬೀತಾದದ್ದು ಏನೂ ಇರಲಿಲ್ಲ. ‘ಸದರಿಯವರ ಮೇಲೆ ಯಾವುದೇ ಆರೋಪ ಸಾಬೀತಾಗಿರುವುದಿಲ್ಲ’ ಎಂಬ ವಾಕ್ಯದಲ್ಲಿ ಮಿಂದಾ ತಪ್ಪು ಹುಡುಕಿದಳು, ಸಿಗಲಿಲ್ಲ. ಸುಳ್ಳಾಗಿದ್ದರೆ ಅವಳ ಕೈ ತಡೆಯುತ್ತಿತ್ತು. ನಿಯಮಬದ್ಧವಾದದ್ದಕ್ಕೆ ಆ ಕೈ ಯಾವತ್ತೂ ತಡೆದದ್ದಿಲ್ಲ. ಸಹಿ ಹಾಕಿದಳು.

ಮನೆಗೆ ಬಂದರೆ ಜೆಲ್ಲೈ ಕುಣಿಯುತ್ತಿದ್ದಳು. “ನೀನೇ ಸಹಿ ಹಾಕಿದೆಯಂತಲ್ಲ ನಾಯ್! ಹಾಗಾದ್ರೆ ಅವನು ಒಳ್ಳೆಯವನೇ. ಈಗ ಗೇಟು ಯಾವುದು ಅಂತ ಹೇಳ್ಲಾ?”

“ಹೇಳಿದ್ರೆ ನಾಲಿಗೆ ಕೀಳ್ತೀನಿ!” ಎಂದು ಕೂಗಿ, ಮಗಳನ್ನು ತಬ್ಬಿಕೊಂಡು ಮಿಂದಾ ಅತ್ತುಬಿಟ್ಟಳು. ಅವಳಿಗೆ ಸನ್ನಿಗಿಂತ ಹೆಚ್ಚಾಗಿ ತನ್ನ ಸಹಿಯ ಮೇಲೆ ಹೇಸಿಗೆಯಾಯಿತು. ಸಂಜೆ ಬಿಸಿಲಿನಲ್ಲಿ ಉಳಿದ ಹದಿನಾರು ಮಕ್ಕಳ ಮನೆಗೂ ನಡೆದಳು. ಪ್ರತಿ ಮನೆಯಲ್ಲೂ ತಾಯಂದಿರು ಅವಳನ್ನು ಕೂರಿಸಿ, ಮಾತು ಪೂರ್ತಿ ಕೇಳಿ, ಆಗಲೇ ಗೋಡೆಗೆ ಅಂಟಿಸಿದ್ದ ನಿರಾಕ್ಷೇಪಣಾ ಪತ್ರದ ಪ್ರತಿ ತೋರಿಸಿದರು.

“ಇದು ನಿಮ್ಮ ಸಹಿ ಅಲ್ವಾ ಆತೆ? ನೀವು ನೋಡಿ ಹಾಕಿರ್ತೀರಿ ಅಂತಾನೇ ನಮಗೆ ಧೈರ್ಯ.”

ನೇಮಕಾತಿ ಸಮಾರಂಭಕ್ಕೆ ಸನ್ನಿಯವರಿಗೆ ಬರಲಾಗಲಿಲ್ಲ. ಬದಲಿಗೆ, ತಮ್ಮ ಮಕ್ಕಳನ್ನು ಗುರುತಿಸಲು ಅನುಕೂಲವಾಗುವಂತೆ ಎಲ್ಲರನ್ನೂ ಯೂನಿಫಾರ್ಮಿನಲ್ಲಿ ಶಾಲೆಯ ಗೇಟಿನ ಮುಂದೆ ನಿಲ್ಲಿಸಿ, ಎದೆಗೆ ಹೆಸರಿನ ಚೀಟಿ ಹಾಕಿ ಫೋಟೋ ಕಳಿಸಿ ಎಂದು ವಿನಂತಿಸಿಕೊಂಡರು. ಬ್ಯಾನರ್ ಕೂಡ ಕಾಣಿಸುತ್ತದೆ ಎಂದಾದ ಮೇಲೆ ಕಪಿತಾನರು ತಕ್ಷಣ ಒಪ್ಪಿದರು. ಆ ಶುಕ್ರವಾರ ಮಿಂದಾ ತನ್ನ ಸೇವೆಯ ಮೊದಲ ಅಕ್ರಮವನ್ನು ಎಸಗಿದಳು: ಜೆಲ್ಲೈಗೆ ಜ್ವರ ಎಂದು ಬರೆದು, ಮಗಳನ್ನು ಅಜ್ಜಿಯ ಜೊತೆ ಮನೆಯಲ್ಲಿ ಕೂಡಿಹಾಕಿ ಬಾಗಿಲಿಗೆ ಬೀಗ ಜಡಿದಳು.

ಫೋಟೋ ಹೋಯಿತು. ನಾಲ್ಕೇ ನಿಮಿಷದಲ್ಲಿ ಉತ್ತರ ಬಂತು. ಕಪಿತಾನರು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರು:

“ಹದಿನಾರೇ ಇದ್ದಾರೆ. ಜೆಲ್ಲೈ ಎಲ್ಲಿ?”

“ನೋಡಿದ್ರಾ?” ಎಂದರು ಕಪಿತಾನರು, ಫೋನನ್ನು ಎಲ್ಲರಿಗೂ ಎತ್ತಿ ತೋರಿಸುತ್ತಾ. “ನಾವು ಹತ್ತು ಜನ ಗೇಟಿನ ಮುಂದೆ ನಿಂತಿದ್ವಿ. ಒಬ್ಬರಾದ್ರೂ ಮಕ್ಕಳನ್ನ ಎಣಿಸಿದ್ವಾ? ಎಣಿಸಿದೋನು ಅವನೊಬ್ಬನೇ. ಹೊಣೆ ಅಂದ್ರೆ ಇದು!”

ಟೀಚರು ಕಣ್ಣೊರೆಸಿಕೊಂಡರು. ಮಗುವೊಂದನ್ನು ಅದರ ಅಧಿಕೃತ ಹೊಣೆಗಾರನ ಕಣ್ಣಿನಿಂದ ಮರೆಮಾಡಿ ಸುರಕ್ಷತೆಗೆ ಧಕ್ಕೆ ತಂದ ಬಗ್ಗೆ ಎಪ್ಪತ್ತೆರಡು ಗಂಟೆಯೊಳಗೆ ವಿವರಣೆ ಕೊಡುವಂತೆ ಮಿಂದಾಳಿಗೆ ನೋಟೀಸು ಹೊರಟಿತು. ಮಕ್ಕಳ ವಿಭಾಗದಿಂದಲೇ ಹೊರಡಬೇಕಾದ್ದರಿಂದ ಅದನ್ನು ಟೈಪು ಮಾಡಿದವಳೂ ಅವಳೇ. ವಿವರಣೆಯಲ್ಲಿ ಅವಳು ಒಂದೇ ಸಾಲು ಬರೆದಳು: “ಅವಳು ನನ್ನ ಮಗಳು.”

ಆಧಾರ ಲಗತ್ತಿಸಿಲ್ಲವೆಂದು ಅದು ವಾಪಸು ಬಂತು. ಮಿಂದಾ ಜನನ ಪ್ರಮಾಣಪತ್ರದ ಮೂರು ಪ್ರತಿ ಲಗತ್ತಿಸಿದಳು. ಸಮಿತಿ ಪರಿಶೀಲಿಸಿ, ಮಗಳೆಂಬುದು ದೃಢಪಟ್ಟಿದೆಯೆಂದು ಒಪ್ಪಿ, ಇದು ಮೊದಲ ತಪ್ಪೆಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿತು.

“ಇನ್ನು ಮುಂದೆ ಮಗಳನ್ನ ಮನೇಲಿ ಇಟ್ಕೊಳ್ಳಬೇಕು ಅಂದ್ರೆ,” ಎಂದರು ಕಪಿತಾನರು ಪ್ರೀತಿಯಿಂದಲೇ, “ಮುಂಚಿತವಾಗಿ ನಿನೊಂಗ್ ಸನ್ನಿ ಹತ್ರ ಒಂದು ಅನುಮತಿ ಪತ್ರ ತಗೊಂಡುಬಿಡಮ್ಮ. ಅಷ್ಟೇ.”

ಮಿಂದಾ ಬಾಯಿ ತೆರೆದಳು. ಹೇಳಬೇಕಾದದ್ದು ಗಂಟಲಿನವರೆಗೂ ಬಂದಿತ್ತು. ಆದರೆ ಹೊರಗೆ ಬಂದ ಮಾತು ಕೇಳಿ ಅವಳಿಗೇ ನಾಚಿಕೆಯಾಯಿತು.

“ಅರ್ಜಿ ಎಷ್ಟು ಪ್ರತಿ ಬೇಕು, ಕ್ಯಾಪ್?”