ಮೂವತ್ತು ಬರೆದೆ, ಎರಡು ಸಿಕ್ಕಿತು

ಹೋಟೆಲೊಂದರ ಸ್ಟೋರ್ ನೋಡಿಕೊಳ್ಳುವ ನನಗೆ ಒಂದು ಸದ್ಗುಣವಿದೆ. ಹತ್ತು ಬೇಕಾದ ಕಡೆ ಹದಿನೈದು ತರಿಸಿಡುತ್ತೇನೆ. ಅಂದು ಹೆಂಡತಿಯ ಕೆಲಸಕ್ಕೆ ಕಲ್ಲು ಹಾಕಲು ಹೊರಟಿದ್ದು ಇದೇ ಸದ್ಗುಣ.

ಸುಮಾ ಮೈಸೂರಿನಲ್ಲಿ ಗಣಿತದ ಟೀಚರ್ ಆಗಿದ್ದವಳು. ದುಬೈಗೆ ಬಂದಮೇಲೆ ಆರು ವರ್ಷ ಮನೆಯಲ್ಲೇ ಕೂತಳು. ಎಷ್ಟೋ ಅರ್ಜಿಗಳ ನಂತರ ಶಾಲೆಯೊಂದು ಬೆಳಿಗ್ಗೆ ಹನ್ನೊಂದಕ್ಕೆ ಆನ್‌ಲೈನ್ ಸಂದರ್ಶನಕ್ಕೆ ಕರೆದಿತ್ತು. ವೈಫೈ ಕೈಕೊಡಬಾರದೆಂದು ನಾನು ರಜೆ ಹಾಕಿ, ಹೊಸ ರೌಟರ್ ತಂದು, ಹತ್ತೂವರೆಗೆ ಫೋನಿನಲ್ಲಿ ಅದರ ಸೆಟ್ಟಿಂಗ್ ತೆರೆದು ಕೂತೆ.

ಹಳೆಯ ರೌಟರ್ ಸಬ್‌ನೆಟ್ ಮಾಸ್ಕ್ ಎಂಬ ಕಡೆ 255.255.255.0 ಎಂದು ತೋರಿಸುತ್ತಿತ್ತು. ಅದನ್ನು ಕಂಡರೆ ಕೈಮುಗಿದು ಹಿಂದೆ ಸರಿಯುತ್ತಿದ್ದೆ. ಹೊಸದು ಮಾತ್ರ ಅದೇ ಕಡೆ ಒಂದು ಓರೆಗೆರೆ ಎಳೆದು ಪಕ್ಕದಲ್ಲಿ ಸಾಧುವಾಗಿ '24' ಎಂದಿತು. ಫ್ಲ್ಯಾಟಿನಲ್ಲಿ ಎಷ್ಟು ಜನ ಇರುತ್ತಾರೆಂದು ಸರ್ಕಾರಿ ಆಪ್‌ನಲ್ಲಿ ನೋಂದಾಯಿಸಬೇಕಾದ ಊರು ಇದು. ಹೋದ ವಾರವಷ್ಟೇ 'ಮೂರು' ಎಂದು ತುಂಬಿದ್ದೆ. ಇದೂ ಅಂಥದ್ದೇ, ಎಷ್ಟು ಯಂತ್ರಗಳಿಗೆ ಜಾಗ ಎಂದು ಕೇಳುತ್ತಿದೆ ಎಂದುಕೊಂಡೆ. ಫೋನು, ಟಿವಿ, ಲ್ಯಾಪ್‌ಟಾಪು, ನೆಲ ಒರೆಸುವ ರೋಬೋಟು ಎಲ್ಲ ಸೇರಿ ಹತ್ತೊಂಬತ್ತಾದವು. ಬರುವ ಅತಿಥಿಗಳಿಗೂ ಇರಲಿ ಎಂದು ಉದಾರವಾಗಿ ಮೂವತ್ತು ಬರೆದೆ.

ರೌಟರ್ ಆಫ್ ಆಗಿ ಆನ್ ಆಯಿತು. ಮನೆಯ ಇಂಟರ್ನೆಟ್ ಸತ್ತಿತು.

"ರೀ, ಲ್ಯಾಪ್‌ಟಾಪ್ ಕನೆಕ್ಟ್ ಆಗ್ತಿಲ್ಲ. ಏನ್ ಮಾಡಿದ್ರಿ?" ಸುಮಾ ಕೂಗಿದಳು. ರೇಷ್ಮೆ ಸೀರೆಯುಟ್ಟು, ಪ್ರಮಾಣಪತ್ರಗಳನ್ನು ಜೋಡಿಸಿಟ್ಟುಕೊಂಡು ಕೂತಿದ್ದಳು.

"ಏನಿಲ್ಲ, ಜಾಗ ಜಾಸ್ತಿ ಮಾಡ್ದೆ ಅಷ್ಟೆ."

ಹಳೆಯ ಅಂಕಿಗೆ ಬದಲಾಯಿಸೋಣವೆಂದರೆ ನನ್ನ ಫೋನಿಗೂ ರೌಟರ್‌ನೊಳಗೆ ಪ್ರವೇಶವಿಲ್ಲ. ಇಬ್ಬರ ಮೊಬೈಲ್ ಡೇಟಾ ಹಿಂದಿನ ದಿನವೇ ಖಲಾಸ್. ಹತ್ತೂ ಐವತ್ತು. ಆರು ವರ್ಷ ಕಾದವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಸೋಫಾದ ಕೆಳಗಿಂದ ರೋಬೋಟ್ ಹೊರಬಂದು, ಇಂಟರ್ನೆಟ್ ಸಿಕ್ಕಿದೆ ಎಂದು ಇಂಗ್ಲಿಷಿನಲ್ಲಿ ಘೋಷಿಸಿ ನೆಲ ಒರೆಸತೊಡಗಿತು. ಹನ್ನೆರಡು ವರ್ಷದ ಮಗಳು ಅನಘಾ ಎದ್ದು ಬಂದಳು.

"ಅಪ್ಪಾ, ವಾಟ್ ನಂಬರ್ ಡಿಡ್ ಯು ಪುಟ್?"

"ಮೂವತ್ತು."

"ಓ ಮೈ ಗಾಡ್. ಥರ್ಟಿ ಮೀನ್ಸ್ ಟೂ. ನಂಬರ್ ದೊಡ್ಡದಾದ್ರೆ ಜಾಗ ಚಿಕ್ಕದಾಗತ್ತೆ. ಒಂದು ರೌಟರ್‌ಗೇ ಹೋಯ್ತು, ಇನ್ನೊಂದು ರೋಬೋಟ್ ತಗೊಂಡಿದೆ."

ಅವಳು ರೋಬೋಟಿನ ಸ್ವಿಚ್ ಆರಿಸಿ ನನ್ನ ತೊಡೆಯ ಮೇಲಿಟ್ಟಳು. ಉಳಿದವನ್ನೆಲ್ಲ ಆಫ್ ಮಾಡಿ ರೌಟರ್ ಮತ್ತೆ ಹಚ್ಚಿದಳು. ದೀಪ ಕೆಂಪಾಗಿತ್ತು. ಹತ್ತೂ ಐವತ್ತೆಂಟು. ಸುಮಾ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದಳು; ನನ್ನ ಹೆಸರಂತೂ ಇರಲಾರದು. ದೀಪ ಹಸಿರಾಯಿತು. ಮನೆಯ ಆ ಒಂದೇ ಒಂದು ಜಾಗ ಅವಳ ಲ್ಯಾಪ್‌ಟಾಪಿಗೆ ಸಿಕ್ಕಿತು.

ಮುಕ್ಕಾಲು ಗಂಟೆ ನಾನು ರೋಬೋಟನ್ನು ಮಗುವಿನಂತೆ ಅಪ್ಪಿಕೊಂಡು ಕೂತೆ. ಆ ಅಂಕಿಯ ಪಕ್ಕ 'ಎರಡೇ ಯಂತ್ರಗಳಿಗೆ ಜಾಗ' ಎಂದು ಒಂದು ಸಾಲು ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ರೌಟರ್ ಮಾಡಿದವರನ್ನು ಮನಸ್ಸಿನಲ್ಲೇ ಬೈದೆ. ಲ್ಯಾಪ್‌ಟಾಪಿನ ಒಳಗಿನಿಂದ ಪ್ರಶ್ನೆ ಕೇಳಿಸಿತು: ಎಷ್ಟು ಹೇಳಿದರೂ ಅರ್ಥವಾಗದ ವಿದ್ಯಾರ್ಥಿಗೆ ಹೇಗೆ ಕಲಿಸುತ್ತೀರಿ? ಸುಮಾ ತಡವರಿಸಲಿಲ್ಲ. ಅಂಥವರೊಬ್ಬರು ಮನೆಯಲ್ಲೇ ಇದ್ದಾರೆ, ಅಭ್ಯಾಸವಿದೆ ಎಂದಳು. ಆ ಕಡೆಯವರು ಜೋರಾಗಿ ನಕ್ಕರು.

ಕೆಲಸ ಸಿಕ್ಕಿತು. ರೌಟರ್‌ನ ಪಾಸ್‌ವರ್ಡ್ ಈಗ ಅನಘಾಳ ಬಳಿ ಇದೆ. ನನಗೆ ಬೇರೆ ಹೆಸರಿನ ವೈಫೈ ಕೊಟ್ಟಿದ್ದಾಳೆ. ಅದರಲ್ಲಿ ಯಾವ ಸೆಟ್ಟಿಂಗೂ ತೆರೆಯುವುದಿಲ್ಲ. ಹೆಸರು 'ಗೆಸ್ಟ್'.