ನಾರ್ಬರ್ಟನ ಪ್ಲಿಮತ್‌ಗೆ ಹೊಸ ಸ್ಪ್ರಿಂಗು

ನಾರ್ಬರ್ಟ್ ಕುಬಿಯಾಕನ ಬಾಳಿನಲ್ಲಿ ಒಂದೇ ಒಂದು ಕೊರಗಿತ್ತು. ಅವನ ಹೆಂಡತಿ ಅವನ ಕಾರಿನಲ್ಲಿ ಕೂರುತ್ತಿರಲಿಲ್ಲ. ದಿನಾ ತರಕಾರಿ ತರುವ ಬೂದು ಬಣ್ಣದ ಕಾರಿನಲ್ಲಿ ಕೂರುತ್ತಿದ್ದಳು, ಅದು ಲೆಕ್ಕಕ್ಕಿಲ್ಲ. ಗ್ಯಾರೇಜಿನಲ್ಲಿ ಮೆತ್ತನೆ ಹೊದಿಕೆ ಹೊದ್ದು ಮಲಗಿರುವ ಅರವತ್ತೊಂಬತ್ತನೇ ಇಸವಿಯ ಕಡುನೀಲಿ ಪ್ಲಿಮತ್ ಇದೆಯಲ್ಲ, ಅದರಲ್ಲಿ ಕೂರುತ್ತಿರಲಿಲ್ಲ. ಒಂದೆರಡು ದಿನದಿಂದಲ್ಲ, ಇಪ್ಪತ್ತಾರು ವರ್ಷದಿಂದ.

ಕಾರಣವಿಲ್ಲದೆ ಅಲ್ಲ. ಆಗ ಇಬ್ಬರೂ ಚರ್ಚಿನ ಪಿಕ್‌ನಿಕ್‌ಗೆ ಹೊರಟಿದ್ದರು. ಹೆಂಡತಿ ಲೊರೆಟ್ಟಾಳ ತೊಡೆಯ ಮೇಲೆ ನಲವತ್ತು ಜನಕ್ಕಾಗುವಷ್ಟು ಆಲೂಗಡ್ಡೆ ಸಲಾಡಿನ ಬೋಗುಣಿ. ಮಿಷಿಗನ್ನಿನ ಚಳಿಗಾಲ ರಸ್ತೆಯನ್ನು ತಿಂದು ಬಿಟ್ಟ ಗುಂಡಿಗಳು ಬೇಸಿಗೆ ಬಂದರೂ ಮುಚ್ಚಿರುವುದಿಲ್ಲ. ಅಂಥದೊಂದು ಗುಂಡಿಗೆ ಪ್ಲಿಮತ್ ಮೂಗು ತಗ್ಗಿಸಿತು. ಬೋಗುಣಿ ಮೇಲೇರಿತು. ಇಳಿಯುವಾಗ ಲೊರೆಟ್ಟಾಳ ತಲೆಯ ಮೇಲೆ ಬೋರಲಾಗಿ ಇಳಿಯಿತು. (ಚರ್ಚಿನ ಇತಿಹಾಸದಲ್ಲಿ ಸಲಾಡಿನಿಂದ ಪಟ್ಟಾಭಿಷೇಕವಾದದ್ದು ಅದೊಂದೇ ಸಲ.) ಮುಂದಿನ ಸಿಗ್ನಲ್ಲಿನಲ್ಲಿ ಅವಳು ಬಾಗಿಲು ತೆಗೆದು ಇಳಿದಳು. ಇಳಿದವಳು ಒಂದೇ ಮಾತು ಆಡಿದಳು.

“ನಾರ್ಬಿ, ಈ ಡಬ್ಬದೊಳಗೆ ಇನ್ನು ನಾನು ಕಾಲಿಟ್ರೆ ಕೇಳು.”

ಆಮೇಲೆ ಎರಡು ಮೈಲಿ ನಡೆದೇ ಮನೆ ಸೇರಿದಳು.

ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನಾರ್ಬರ್ಟನಿಗೆ ಜ್ಞಾನೋದಯವಾಯಿತು. ತಪ್ಪು ಲೊರೆಟ್ಟಾಳದಲ್ಲ, ತನ್ನದಂತೂ ಮೊದಲೇ ಅಲ್ಲ. ಈ ಕಾಲದ ರಸ್ತೆಗೆ ಆ ಕಾಲದ ಟಾರ್ಷನ್ ಬಾರುಗಳು ಸಾಲವು! ಆ ಕಾರಿನ ಮುಂಭಾಗಕ್ಕೆ ಸುರುಳಿ ಸ್ಪ್ರಿಂಗೇ ಇರಲಿಲ್ಲ. ಒಂದೊಂದು ಚಕ್ರದಿಂದ ಒಂದೊಂದು ಉಕ್ಕಿನ ಸರಳು ಕಾರಿನ ಹೊಟ್ಟೆಯಡಿ ಹಿಂದಕ್ಕೆ ಚಾಚಿಕೊಂಡಿತ್ತು. ಚಕ್ರ ಮೇಲೆ ಕೆಳಗೆ ಆದಾಗ ಆ ಸರಳು ತಿರುಚಿಕೊಂಡು ಭಾರ ಹೊರುತ್ತಿತ್ತು. ಅವೆರಡನ್ನೂ ಕಿತ್ತು, ಶಾಕ್ ಅಬ್ಸಾರ್ಬರಿನ ಮೈಗೇ ಸ್ಪ್ರಿಂಗು ಸುತ್ತಿಕೊಂಡಿರುವ ಕಾಯ್ಲ್‌ಓವರ್ ಕೂರಿಸಿಬಿಟ್ಟರೆ ಹೆಂಡತಿ ಬಂದು ಪಕ್ಕದಲ್ಲಿ ಕೂರುತ್ತಾಳೆ. ಇಪ್ಪತ್ತಾರು ವರ್ಷದ ದಾಂಪತ್ಯ ಸಮಸ್ಯೆಗೆ ಹತ್ತು ಬೋಲ್ಟುಗಳ ಪರಿಹಾರ.

ಅದನ್ನು ತರಿಸಲು ಕಂಪನಿಗೆ ತುಂಬಿ ಕಳಿಸುವ ಫಾರಮ್ಮಿನಲ್ಲಿ ಮಾತ್ರ ಸ್ವಲ್ಪ ತೊಡಕಾಯಿತು. ಎಷ್ಟು ಗಟ್ಟಿಯ ಸ್ಪ್ರಿಂಗು ಕಳಿಸಬೇಕೆಂದು ತಿಳಿಯಲು ಓಡಿಸುವವರ ತೂಕ, ಪಕ್ಕದಲ್ಲಿ ಕೂರುವವರ ತೂಕ ಕೇಳಿದ್ದರು. ತನ್ನ ತೂಕ ‘ಇನ್ನೂರ ಹತ್ತು ಪೌಂಡು’ ಎಂದು ನಾರ್ಬರ್ಟ್ ಕಣ್ಣು ಮಿಟುಕಿಸದೆ ಬರೆದ. (ಡಾಕ್ಟರಿಗೂ ಅದನ್ನೇ ಹೇಳಿದ್ದ. ಒಬ್ಬೊಬ್ಬರಿಗೆ ಒಂದೊಂದು ಹೇಳುವ ಜಾಯಮಾನ ಅವನದಲ್ಲ.) ಹೆಂಡತಿಯ ಸಾಲಿಗೆ ಬಂದಾಗ ಪೆನ್ನು ನಿಂತುಹೋಯಿತು. ಮೂವತ್ತಾರು ವರ್ಷ ಸಂಸಾರ ಮಾಡಿದವನು ಆ ಪ್ರಶ್ನೆ ಕೇಳಿ ಬದುಕುಳಿಯುತ್ತಾನೆಯೇ? ಕೊನೆಗೆ ‘ಮಧ್ಯಮ’ ಎಂದು ಬರೆದು ಕಳಿಸಿದ.

ಕೆಲಸಕ್ಕೆ ಗೆಳೆಯ ಡ್ವೇನ್ ಬಂದ. ಮಣ್ಣಿನ ಟ್ರ್ಯಾಕಿನಲ್ಲಿ ಮೂವತ್ತು ವರ್ಷ ರೇಸು ಓಡಿಸಿ, ಮೂರು ಪಕ್ಕೆಲುಬು ಮುರಿದುಕೊಂಡ ಮೇಲೂ ಸುಮ್ಮನಾಗದ ಆಸಾಮಿ. ಬರುವಾಗ ಪೂಂಚ್ಕಿ ಎಂಬ, ಜಾಮು ತುಂಬಿ ಕರಿದ ಪೋಲಿಷ್ ಸಿಹಿ ಬನ್ನುಗಳ ಡಬ್ಬಿ ಹಿಡಿದು ಬಂದ. ಕಾರಿನ ಕೆಳಗೆ ನುಗ್ಗುವ ಮುಂಚೆಯೇ ನಾರ್ಬರ್ಟ್ ನಾಲ್ಕು ಮುಗಿಸಿದ.

ಹೊಂದಾಣಿಕೆ ಬೋಲ್ಟು ಸಡಿಲಿಸಿ, ಹಿಂದಿನ ಕ್ಲಿಪ್ಪು ತೆಗೆದು, ಇಬ್ಬರೂ ಸೇರಿ ಮೊದಲನೇ ಸರಳು ಎಳೆದರು. ಕೈಗೆ ಬಂದದ್ದು ಬರೀ ಒಂದು ಕಬ್ಬಿಣದ ಕೋಲು. ಸುರುಳಿಯಿಲ್ಲ, ಕೀಲಿಲ್ಲ, ಎರಡು ತುದಿಯಲ್ಲಿ ಆರು ಮೂಲೆ ಅಷ್ಟೆ. ಐವತ್ತೈದು ವರ್ಷ ಹಗಲೂ ರಾತ್ರಿ ತಿರುಚಿಕೊಂಡೇ ನಿಂತು ಕಾರಿನ ಭಾರ ಹೊತ್ತಿತ್ತು. ಇವತ್ತು ಬಿಟ್ಟ ಕೂಡಲೇ ಹುಟ್ಟಿದ ದಿನದಂತೆ ನೆಟ್ಟಗೆ ಮಲಗಿತು. ಡ್ವೇನ್ ಟೋಪಿ ತೆಗೆದ.

“ಇದನ್ನ ಬೈಕೊಂಡೇ ಬಂದೆನಲ್ಲೋ ಡ್ವೇನ್, ಇಷ್ಟು ವರ್ಷ. ಒಂದು ದಿನ ತುಟಿ ಪಿಟಕ್ಕೆಂದಿದ್ಯಾ ನೋಡು.”

“ಮದುವೆ ಆದೋರೆಲ್ಲಾ ಹಾಗೇ ಬಿಡು,” ಎಂದ ಡ್ವೇನ್. ಯಾರ ಪರವಾಗಿ ಹೇಳಿದನೋ ತಿಳಿಯಲಿಲ್ಲ.

ಎರಡು ಶನಿವಾರದಲ್ಲಿ ಹೊಸದು ಕೂತಿತು. ಕೆಂಪು ಸುರುಳಿಗಳು ಹೊಳೆಯುತ್ತಿದ್ದವು. ಅವುಗಳ ಬುಡದಲ್ಲಿ ತಿರುಗಿಸುವ ಬಳೆ. ಬಳೆ ಏರಿಸಿದರೆ ಆ ಮೂಲೆ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಮೂರನೇ ಶನಿವಾರ ಡ್ವೇನ್ ತನ್ನ ರೇಸಿನ ತಕ್ಕಡಿಗಳನ್ನು ತಂದ. ನಾಲ್ಕು ಚಪ್ಪಟೆ ಹಲಗೆಗಳು, ಚಕ್ರಕ್ಕೊಂದು. ಯಾವ ಮೂಲೆಯ ಮೇಲೆ ಎಷ್ಟು ಭಾರ, ಒಟ್ಟು ಎಷ್ಟು ಎಂದು ಕೈಯಲ್ಲಿನ ಪೆಟ್ಟಿಗೆಯಲ್ಲಿ ಬರುತ್ತದೆ.

“ಖಾಲಿ ಕಾರು ತೂಗಿ ಪ್ರಯೋಜನ ಇಲ್ಲ,” ಎಂದ ಡ್ವೇನ್. “ಕೂರೋರು ಕೂತಿರಬೇಕು. ನಾವು ರೇಸಿನೋರು ಜನ ಇಲ್ದಿದ್ರೆ ಮರಳು ಚೀಲ ಇಡ್ತೀವಿ. ಲೊರೆಟ್ಟಾ ಬದಲು ಮರಳಿಡೋಣ್ವಾ?”

“ಎಷ್ಟು ಚೀಲ?”

ಇಬ್ಬರೂ ಅಡುಗೆಮನೆಯ ಕಿಟಕಿ ಕಡೆ ನೋಡಿದರು. ಇಬ್ಬರೂ ದನಿ ತಗ್ಗಿಸಿದರು. ಕೊನೆಗೆ ನಾರ್ಬರ್ಟ್ ಒಂದು ಮಹಾವ್ಯೂಹ ರಚಿಸಿದ. ತಕ್ಕಡಿಗಳನ್ನು ಕಾಲೊರಸುವ ಮ್ಯಾಟುಗಳಿಂದ ಮುಚ್ಚುವುದು. ಸೀಟಿನಲ್ಲಿ ಏನೋ ಕಿರುಗುಟ್ಟುತ್ತಿದೆ ಎಂದು ಲೊರೆಟ್ಟಾಳನ್ನು ಎರಡು ನಿಮಿಷ ಕೂರಿಸುವುದು. ಡ್ವೇನ್ ಹಿಂದೆ ನಿಂತು ಅಂಕಿ ಗುರುತು ಹಾಕಿಕೊಳ್ಳುವುದು. ಅವಳಿಗೆ ಗೊತ್ತಾಗಬಾರದು, ಲೋಕಕ್ಕೆ ಗೊತ್ತಾಗಬಾರದು, ಸಾಧ್ಯವಾದರೆ ತಮಗೂ ಗೊತ್ತಾಗಬಾರದು.

ನಾರ್ಬರ್ಟ್ ತಾನು ಮೊದಲೇ ಎಡಗಡೆ ಸ್ಟಿಯರಿಂಗ್ ಹಿಂದೆ ಕೂತು ಕೂಗಿದ. ಲೊರೆಟ್ಟಾ ಕೈ ಒರೆಸಿಕೊಳ್ಳುತ್ತಾ ಬಂದಳು.

“ಬರೀ ಕೂರೋದು ತಾನೇ? ಗ್ಯಾರೇಜಲ್ಲಿ ಗುಂಡಿ ಇಲ್ಲ, ಕೂರ್ತೀನಿ,” ಎಂದು ಬಾಗಿಲಿಗೆ ಕೈಯಿಟ್ಟವಳು ಕೆಳಗೆ ನೋಡಿ ನಿಂತಳು. “ನನ್ನ ಸಿಂಕಿನ ಮುಂದಿನ ಮ್ಯಾಟು ಚಕ್ರದ ಕೆಳಗ್ಯಾಕಿದೆ?”

“ನೆಲ... ತಣ್ಣಗಿದೆ,” ಎಂದ ನಾರ್ಬರ್ಟ್.

“ಟೈರಿಗೆ ನೆಗಡಿ ಆಗುತ್ತಾ?”

ಅವಳು ಬಗ್ಗಿ ಮ್ಯಾಟಿನ ಅಂಚು ಎತ್ತಿದಳು. ನಾರ್ಬರ್ಟ್ ಕಣ್ಣು ಮುಚ್ಚಿದ. ಅವನು ಮರೆತದ್ದು ಒಂದೇ ವಿಷಯ. ಅವನ ಹೆಂಡತಿ ಗುಜರಿ ಅಂಗಳವೊಂದರ ತೂಕದ ಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಕೂತು ಲಾರಿ ತೂಗಿದವಳು. ಒದ್ದೆ ಮಣ್ಣು ತುಂಬಿ ಕಬ್ಬಿಣವೆಂದು ಮಾರಲು ಬಂದವರನ್ನೂ, ತೂಗುವಾಗ ಲಾರಿಯಲ್ಲೇ ಬಚ್ಚಿಟ್ಟುಕೊಂಡು ಕೂತವರನ್ನೂ ಕಿಟಕಿಯಿಂದಲೇ ಹಿಡಿದವಳು.

“ಡ್ವೇನ್,” ಎಂದಳು, “ತಕ್ಕಡಿ ಸೊನ್ನೆ ಮಾಡ್ಕೊಂಡಿದ್ಯಾ?”

“ಹಾಂ ಮೇಡಂ,” ಎಂದ ಡ್ವೇನ್. ಜನ್ಮದಲ್ಲಿ ಅವಳನ್ನು ಮೇಡಂ ಎಂದವನಲ್ಲ.

“ನನ್ನ ತೂಕ ಕದಿಯೋಕಾ ಇಷ್ಟೆಲ್ಲ? ನೂರ ಅರವತ್ತೆಂಟು. ಕೇಳಿದ್ರೆ ಹೇಳ್ತಿರ್ಲಿಲ್ವಾ?”

ಮೂವತ್ತಾರು ವರ್ಷ ನಡುಗಿಸಿದ ರಹಸ್ಯ ತಟ್ಟನೆ ಎದುರಿಗೆ ಬಿದ್ದಿತ್ತು, ಸಿಡಿಲೂ ಇಲ್ಲ, ಗುಡುಗೂ ಇಲ್ಲ. ನಾರ್ಬರ್ಟ್ ಹೆಂಡತಿಯನ್ನೇ ಬೆರಗಾಗಿ ನೋಡಿದ. ಇಂಥವಳ ಜೊತೆ ತಾನು ಬಾಳುತ್ತಿದ್ದೇನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆದರೆ ಅವಳ ಕಣ್ಣು ಆಗಲೇ ಕಾರಿನ ಮೂತಿಯ ಮೇಲಿತ್ತು. “ಎಡಗಡೆ ಕುಸಿದಿದೆಯಲ್ಲ. ನಿನಗೆ ಅಂತ ಯಾವ ತೂಕಕ್ಕೆ ತರಿಸಿದ್ದು?”

“ಇನ್ನೂರ ಹತ್ತು.”

“ಡ್ವೇನ್, ಈಗ ಒಟ್ಟು ಎಷ್ಟು?”

“ಮೂರು ಸಾವಿರದ ಆರುನೂರ ಅರವತ್ತೇಳು.”

“ನಾರ್ಬಿ, ಇಳಿ.”

“ಯಾಕೆ ಪುಟ್ಟ, ಕೂತಿದ್ದೀನಲ್ಲ...”

“ಇಳಿ ಅಂದೆ.”

ಇಳಿದ. ಪ್ಲಿಮತ್ ನಿಟ್ಟುಸಿರು ಬಿಟ್ಟು ಎಡಗಡೆ ಎದ್ದು ನಿಂತಿತು. ರೇಸಿನ ಅಭ್ಯಾಸ ಬಿಡುತ್ತದೆಯೇ, ಡ್ವೇನ್ ಬೀದಿಗೆಲ್ಲ ಕೇಳುವಂತೆ ಕೂಗಿದ. “ಮೂರು ಸಾವಿರದ ನಾಲ್ಕುನೂರ ಇಪ್ಪತ್ತು!”

ಲೊರೆಟ್ಟಾಳಿಗೆ ಕಾಗದ ಬೇಕಾಗಲಿಲ್ಲ. “ಇನ್ನೂರ ನಲವತ್ತೇಳು. ಜೇಬಲ್ಲಿ ಏನಾದ್ರೂ ಇಟ್ಕೊಂಡಿದ್ಯಾ? ಎಂಜಿನ್ನು?”

“ಬೂಟು ಸ್ವಲ್ಪ ಭಾರ...”

“ಲಾರಿಯೋರು ಇದಕ್ಕಿಂತ ಚೆನ್ನಾಗಿ ಸುಳ್ಳು ಹೇಳ್ತಿದ್ರು.” ಅವಳು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು. “ಡ್ವೇನ್, ನಿನ್ನ ತೂಕ?”

“ನೂರ ಎಪ್ಪತ್ತೊಂದು ಮೇಡಂ.”

“ನೋಡು, ಗಂಡಸರೂ ಹೇಳಬಹುದು. ಈ ಕಾರು ನಿಜ ಹೇಳಿದೋರ ತೂಕಕ್ಕೆ ಹೊಂದಲಿ. ನಾನು ಓಡಿಸೋ ಕಡೆ, ಅವನು ಪಕ್ಕ. ನಾರ್ಬಿ, ಸ್ಪ್ಯಾನರ್ ಹಿಡಿ.”

ಒಂದು ಗಂಟೆ ಅವಳು ಅಂಕಿ ಹೇಳಿದಳು, ನಾರ್ಬರ್ಟ್ ನೆಲದ ಮೇಲೆ ಅಂಗಾತ ಮಲಗಿ ಬಳೆ ತಿರುಗಿಸಿದ. ಎಡಕ್ಕೆ ಕಾಲು ಸುತ್ತು, ಬಲಕ್ಕೆ ಅರ್ಧ ಸುತ್ತು. ಕೊನೆಗೆ ಮುಂದಿನ ಎರಡೂ ಚಕ್ರಗಳ ಅಂಕಿಗಳು ಒಂದಕ್ಕೊಂದು ಒಂದೇ ಒಂದು ಪೌಂಡಿನ ಅಂತರದಲ್ಲಿ ಬಂದು ನಿಂತವು. ಡ್ವೇನ್ ಪೆಟ್ಟಿಗೆಯನ್ನು ಎರಡು ಸಲ ತಟ್ಟಿ ನೋಡಿದ. ಮೂವತ್ತು ವರ್ಷದ ರೇಸಿನಲ್ಲಿ ಅವನ ಕೈಯಲ್ಲಿ ಹೀಗೆ ಬಂದಿರಲಿಲ್ಲವಂತೆ.

“ಒಂದು ಸುತ್ತು ಹೋಗಿ ನೋಡ್ಬೇಕು,” ಎಂದಳು ಲೊರೆಟ್ಟಾ, ಕೀಲಿಗೆ ಕೈ ಚಾಚಿ.

“ಗೇರು ಹಾಕೋದು ಕಷ್ಟ ಪುಟ್ಟ, ನಾನು...”

“ಡ್ರೈವರುಗಳು ಕಾಫಿಗೆ ಹೋದಾಗ ಕಟ್ಟೆ ಮೇಲಿಂದ ಆ ಲಾರಿಗಳನ್ನ ಸರಿಸ್ತಿದ್ದೋರು ಯಾರು ಅಂದ್ಕೊಂಡೆ?”

“ನಾನು ಹಿಂದಿನ ಸೀಟಲ್ಲಿ ಕೂರ್ಲಾ?”

“ಕೂತ್ಕೋ. ಇನ್ನೂರ ಹತ್ತು ಆದ ದಿನ. ಅಲ್ಲೀವರೆಗೆ ನಡಿ, ಡಾಕ್ಟರೂ ಅದನ್ನೇ ಹೇಳಿರೋದು.”

ಡ್ವೇನ್ ಪಕ್ಕದಲ್ಲಿ ಕೂತ, ಪ್ಲಿಮತ್ ಗುಡುಗಿ ಗ್ಯಾರೇಜಿನಿಂದ ಬಿಸಿಲಿಗೆ ಬಂತು. ನಾರ್ಬರ್ಟ್ ಅಷ್ಟು ವರ್ಷ ಅದರೊಳಗೇ ಕೂತಿದ್ದವನು, ಹೊರಗೆ ನಿಂತು ಅದು ಹೋಗುವುದನ್ನು ಒಂದು ದಿನವೂ ನೋಡಿದವನಲ್ಲ. ಬೀದಿಯ ತುದಿಯಲ್ಲಿ ಸ್ನಾನದ ತೊಟ್ಟಿಯಷ್ಟಗಲದ ಗುಂಡಿ ಇತ್ತು. ಚಕ್ರ ಇಳಿಯಿತು, ಏರಿತು. ಕಾರಿನ ಮೈ ಮಾತ್ರ ಅಲುಗಲಿಲ್ಲ, ಲೊರೆಟ್ಟಾಳ ಬೆಳ್ಳಿ ಕೂದಲೂ ಅಲುಗಲಿಲ್ಲ. ಅವಳು ಕಿಟಕಿಯಿಂದ ಮೊಣಕೈ ಹೊರಗಿಟ್ಟು ಎರಡನೇ ಗೇರಿನಿಂದ ಮೂರಕ್ಕೆ ಹಾಕಿದಳು. ನಾರ್ಬರ್ಟನ ಕಣ್ಣು ತುಂಬಿ ಬಂತು. ಅಷ್ಟು ಚೆಂದದ್ದನ್ನು ಅವನು ಕಂಡಿರಲಿಲ್ಲ. ಅವಳು ಆ ಕಾರಿನಲ್ಲಿ ಕೂರಬೇಕೆಂದು ಇಪ್ಪತ್ತಾರು ವರ್ಷ ಬೇಡಿಕೊಂಡಿದ್ದ. ತಾನೂ ಒಳಗಿರಬೇಕೆಂದು ಸೇರಿಸುವುದು ಅವನಿಗೆ ಹೊಳೆದಿರಲಿಲ್ಲ.

ಪಕ್ಕದ ಮನೆಗೆ ಕಾಗದ ಹಾಕುತ್ತಿದ್ದ ಅಂಚೆಯವಳು ಚೀಲ ಕೆಳಗಿಟ್ಟು ಬಾಯಿ ತೆರೆದು ನಿಂತಿದ್ದಳು.

“ಅಬ್ಬಾ! ಎಂಥಾ ಕಾರು! ಯಾರದು ಅದು?”

‘ನನ್ನದು’ ಎನ್ನಲು ನಾರ್ಬರ್ಟ್ ಬಾಯಿ ತೆರೆದ. ಬೆಳಗಿನಿಂದ ಒಂದು ಸುಳ್ಳಿಗೆ ಆಗಲೇ ದಂಡ ತೆತ್ತಿದ್ದ.

“ನನ್ನ ಹೆಂಡತಿಯದು,” ಎಂದ.