ಅಕ್ಕಿ ಡಬ್ಬಿಯ ಮೇಲಿನ ಅರ್ಥಶಾಸ್ತ್ರ

ಓದುವುದಕ್ಕೆ ತಯಾರಾಗುವುದು ಅಂತಲೇ ಒಂದು ಪರೀಕ್ಷೆ ಇದ್ದಿದ್ದರೆ ನನ್ನ ಅಕ್ಕನ ಮಗಳು ರಾಜ್ಯಕ್ಕೇ ಮೊದಲು ಬರುತ್ತಿದ್ದಳು. ನನಗೆ ಕಿಂಚಿತ್ತೂ ಅನುಮಾನವಿಲ್ಲ. ಏನು ಮಾಡುವುದು, ಯೂನಿವರ್ಸಿಟಿಯವರು ಅಂಥ ಪರೀಕ್ಷೆಯನ್ನೇ ಇಡುವುದಿಲ್ಲ!

ಅವಳ ಊರು ಅರಕಲಗೂಡು, ಬಿ.ಎ. ಓದುತ್ತಿದ್ದದ್ದು ಹಾಸನದಲ್ಲಿ, ಇದ್ದದ್ದು ಹೊಳೆನರಸೀಪುರದ ನಮ್ಮ ಮನೆಯಲ್ಲಿ. ಅರಕಲಗೂಡಿಂದ ಹಾಸನಕ್ಕೆ ನೆಟ್ಟಗೆ ಬಸ್ಸಿದೆಯಲ್ಲ ಅನ್ನುತ್ತೀರಾ? ಇದೆ. ಆದರೆ ಬಸ್ಸಿನಲ್ಲಿ ಪುಸ್ತಕ ತೆಗೆದರೆ ಅವಳಿಗೆ ವಾಂತಿಯಂತೆ. ನಮ್ಮೂರಿಂದಾದರೆ ರೈಲಿದೆ, ಕೂತು ಓದಬಹುದು. ಅವಳು ರೈಲಿನಲ್ಲಿ ನಿದ್ದೆ ಮಾಡಿದ್ದನ್ನು ಊರಿನ ಅರ್ಧ ಜನ ನೋಡಿದ್ದಾರೆ. ಓದಿದ್ದನ್ನು ನೋಡಿದವರು ಇನ್ನೂ ಸಿಕ್ಕಿಲ್ಲ.

ಅರ್ಥಶಾಸ್ತ್ರ ಎರಡು ಸಲ ಕೈಕೊಟ್ಟಿತ್ತು. ಅವಳಪ್ಪ, ಅಂದರೆ ನನ್ನ ಭಾವ, ಬಟ್ಟೆ ಅಂಗಡಿಯವರು. ಒಂದು ಭಾನುವಾರ ಮನೆಗೆ ಬಂದು ತೀರ್ಪು ಕೊಟ್ಟರು: "ಈ ಸಲಾನೂ ಓಯ್ತು ಅಂದ್ರೆ ಕಾಲೇಜು ಸಾಕು. ಅಂಗ್ಡಿಗೆ ಬಂದು ಸೀರೆ ಮಡಚ್ಲಿ."

ಅವಳ ಮುಖ ನೋಡಲಾಗಲಿಲ್ಲ. "ನಾನಿಲ್ವಾ ಭಾವ! ನಾನು ಓದುಸ್ತೀನಿ ಬುಡಿ" ಅಂದುಬಿಟ್ಟೆ.

ಯಾರು ಅಂದದ್ದು? ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು! ಅಪ್ಪನ ಕೈ ನಮ್ಮ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕ ವರ್ಷ ಮರದ ಪೆಟ್ಟಿಗೆಯ ಮೇಲೆ ನಿಂತು ಮಿಷನ್ನಿನ ಬಾಯಿಗೆ ರಾಗಿ ಸುರಿಯಲು ಶುರು ಮಾಡಿದವನು. ಇವತ್ತಿಗೂ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿದರೆ ಕಲ್ಲು ಎಷ್ಟು ಸವೆದಿದೆ ಅಂತ ಹೇಳಬಲ್ಲೆ. ಅದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಹೇಳಿ? ಆದರೆ ಅವಳ ಪರೀಕ್ಷೆಯಲ್ಲಿ ಅದನ್ನು ಕೇಳುವುದಿಲ್ಲವಲ್ಲ!

ಮೊದಲು ಟೈಮ್‌ಟೇಬಲ್ಲು ಆಯಿತು. ನಾಲ್ಕು ಬಣ್ಣದ ಪೆನ್ನು, ಮೂರು ದಿನದ ಶ್ರಮ. 'ಬೆಳಿಗ್ಗೆ ಐದು: ಏಳುವುದು. ಐದೂವರೆ: ಖಂಡಿತ ಏಳುವುದು.' ಬರೆದು ಗೋಡೆಗೆ ಅಂಟಿಸುವ ಹೊತ್ತಿಗೆ ಮೊದಲ ಮೂರು ದಿನ ಕಳೆದೇ ಹೋಗಿತ್ತು. ಅದಕ್ಕೆ ಹೊಸ ಟೈಮ್‌ಟೇಬಲ್ಲು! ಹೀಗೆ ಒಂದೊಂದಾಗಿ ಆ ಗೋಡೆಯೇ ಮುಚ್ಚಿಹೋಯಿತು. "ಸುಣ್ಣ ಒಡ್ಸೋದು ಉಳೀತು ಬುಡಿ" ಅಂದಳು ನನ್ನ ಹೆಂಡತಿ.

ಆಮೇಲೆ ನಿಶ್ಶಬ್ದ ಬೇಕು ಅಂದಳು. ಟಿ.ವಿ. ಬಂದ್. ಗಡಿಯಾರದ ಸೆಲ್ಲು ತೆಗೆದೆವು. ಕುಕ್ಕರ್ ಕೂಗದ ಹಾಗೆ ಪಾತ್ರೆಯಲ್ಲಿ ಅನ್ನ. ಹದಿನೈದು ದಿನ ಮನೆಯವರೆಲ್ಲ ಕಳ್ಳರ ಹಾಗೆ ತುದಿಗಾಲಲ್ಲಿ ಓಡಾಡಿದೆವು. ಒಂದು ದಿನ ಪುಸ್ತಕ ಎತ್ತಿಕೊಂಡು ನೇರ ಗಿರಣಿಗೆ ಬಂದಳು.

"ಮನೇಲಿ ಆಗಕಿಲ್ಲ ಮಾವ. ವಸಿನೂ ಸದ್ದಿಲ್ಲ. ಬರೀ ನನ್ ಯೋಚ್ನೆಗಳೇ ಕೇಳುಸ್ತವೆ."

ಮಿಷನ್ ಓಡುವಾಗ ಪಕ್ಕದವರು ಕೂಗಿದರೂ ಕೇಳದ ಜಾಗ ಅದು. ಅಲ್ಲಿ ಮೂಟೆಯ ಮೇಲೆ ಕೂತು ಗಂಟಲು ಹರಿಯುವಂತೆ ಅರ್ಥಶಾಸ್ತ್ರ ಓದತೊಡಗಿದಳು. ರಾಗಿ ತಂದವರು ಜಗಳ ಅಂತ ಬಾಗಿಲಲ್ಲೇ ನಿಲ್ಲುತ್ತಿದ್ದರು!

ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ ಪ್ರಶ್ನೆಗಳು ಕಣ್ಣೆದುರಿಗೇ ಇರಬೇಕಂತೆ. ಗಿರಣಿಯಲ್ಲಿ ಕಣ್ಣೆದುರಿಗೆ ಇರುವುದೇನು? ಡಬ್ಬಿಗಳು. ಬೀಸಲು ಕಾಳು ಬಿಟ್ಟುಹೋದವರ ಹೆಸರನ್ನು ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು ನಮ್ಮಪ್ಪನ ಕಾಲದ ಪದ್ಧತಿ. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಹೆಸರುಗಳೆಲ್ಲ ಮಾಯ! ಒಂದರ ಮೇಲೆ 'ಬೇಡಿಕೆ ಎಂದರೇನು?', ಇನ್ನೊಂದರ ಮೇಲೆ 'ಕೊರತೆಗೆ ಕಾರಣಗಳನ್ನು ವಿವರಿಸಿ.'

ಅಂದಾಜಿನ ಮೇಲೆ ಹಂಚಿದೆ. ಮಾರನೆಯ ಬೆಳಿಗ್ಗೆ ಹಿಂದಿನ ಬೀದಿಯ ಅಮ್ಮ ಬಂದರು.

"ಅಲ್ಲಪ್ಪಾ, ರೊಟ್ಟಿಗೆ ಅಂತ ಅಕ್ಕಿ ಕೊಟ್ರೆ ದನಕ್ಕಿಕ್ಕೋ ಜೋಳದ ನುಚ್ಚು ಕೊಟ್ಟಿದ್ದೀಯಲ್ಲಾ! ಮನೇಗೆ ಬೀಗ್ರು ಬಂದವ್ರೆ ಕಣ್ಲಾ!"

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಹಳೇಕೋಟೆಯ ಗೌಡರು ಬಂದರು. "ನಿನ್ ಅಕ್ಕಿ ಇಟ್ಟು ತಿಂದ್ ಮ್ಯಾಲೆ ನಮ್ಮೆಮ್ಮೆ ಬೂಸಾನ ಮೂಸಿನೂ ನೋಡ್ತಿಲ್ಲ ಕಣಯ್ಯಾ! ದಿನಾ ಎಲ್ಲಿಂದ ತರ‍್ಲಿ?"

ಅವತ್ತು ಅವಳನ್ನು ಕೂರಿಸಿಕೊಂಡು ನನಗೆ ಗೊತ್ತಿದ್ದ ಒಂದೇ ಒಂದು ವಿದ್ಯೆ ಹೇಳಿದೆ. "ನೋಡವ್ವ, ಕಾಳ್ನ ಒಂದೇ ಸಲ ಸುರುದ್ರೆ ಕಲ್ಲು ಕಟ್ಕತದೆ. ಸಣ್ಣಗೆ ಬುಡ್ಬೇಕು, ಬುಡ್ತಾನೇ ಇರ್ಬೇಕು. ದಿನಕ್ಕೊಂದ್ ಪಾಠ ಸಾಕು. ಆದ್ರೆ ಮಿಷನ್ ನಿಲ್ಲುಸ್ಬ್ಯಾಡ."

ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ಅಂಗಾದ್ರೆ ದಿನಾ ಓದಿದ್ದು ನಿಂಗೆ ಹೇಳ್ತೀನಿ. ನೀನು ಏನೂ ಗೊತ್ತಿಲ್ದೋನ್ ತರ ಕೂತ್ಕೋಬೇಕು" ಅಂದಳು.

"ತರ ಯಾಕವ್ವ, ನಿಜವಾಗ್ಲೂ ಗೊತ್ತಿಲ್ಲ."

ಬಾಯಿ ತುಂಬುವ ಹೆಸರಿನ ಒಂದು ನಿಯಮ ಬಂತು. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ!

"ಮಾವ, ನೀನು ಅಸ್ಕೊಂಡಿದ್ದೀಯ. ಮೊದಲ್ನೇ ಮುದ್ದೆ ಎಂಗಿರ್ತದೆ?"

"ಅಮೃತ ಕಣವ್ವ."

"ಎರಡ್ನೇದು?"

"ಅದೂ ಅಮೃತ."

"ಇಲ್ಲ ಮಾವ! ಅದ್ರಲ್ಲಿ ತೃಪ್ತಿ ವಸಿ ಕಮ್ಮಿ. ಮೂರ‍್ನೇದ್ರಲ್ಲಿ ಇನ್ನೂ ಕಮ್ಮಿ. ನಾಕ್ನೇದು ಬ್ಯಾಡ್ವೇ ಬ್ಯಾಡ. ಸಿಕ್ತಾ ಸಿಕ್ತಾ ಆಸೆ ಇಳೀತದೆ. ಅದೇ ನಿಯಮ."

"ಈ ನಿಯಮ ಮಾಡ್ದೋನು ನಿಮ್ಮತ್ತೆ ಕೈಯಿನ ಬಸ್ಸಾರು ಉಂಡಿಲ್ಲ ಬುಡು!"

ನಾನು ಓದಿಸಲಿಲ್ಲ. ಪ್ರತಿ ಮಾತಿಗೂ 'ಯಾಕೆ?' ಅಂದೆ, ಅಷ್ಟೇ. ಉತ್ತರ ಗೊತ್ತಿಲ್ಲದಿದ್ದರೆ ಸಿಡುಕಿಕೊಂಡು ಪುಸ್ತಕಕ್ಕೆ ವಾಪಸ್ಸು ಹೋಗುತ್ತಿದ್ದಳು, ಮಾರನೆಯ ದಿನ ಉತ್ತರದೊಂದಿಗೆ ಬರುತ್ತಿದ್ದಳು. ಬರಬರುತ್ತಾ ಸಂಜೆ ರೈಲು ಕೂಗಿದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತಿತ್ತು. ಬೇಗ ಬೇಗ ಗಿರಾಕಿಗಳನ್ನು ಕಳಿಸಿ, ಮೂಟೆಯ ಧೂಳು ಕೊಡವಿ ಕಾದು ಕೂರುತ್ತಿದ್ದೆ. ವ್ಯಾಪಾರ ಬಿಟ್ಟು ಕೂರುವ ಮನುಷ್ಯನೇ ಅಲ್ಲ ನಾನು!

ಪರೀಕ್ಷೆಯ ದಿನ ಹಾಲ್ ಟಿಕೆಟ್ಟನ್ನು ಡಬ್ಬಿಯ ಕೆಳಗೆ ಮರೆತುಹೋದಳು. ಕಳೆದುಹೋಗದಿರಲಿ ಅಂತ ಅವಳೇ ಅಲ್ಲಿಟ್ಟಿದ್ದಳಂತೆ! ಅಕ್ಕಿ ಬೀಸುತ್ತಿದ್ದವನು ಹಾಗೇ ಬೈಕ್ ಹತ್ತಿ ಹಾಸನಕ್ಕೆ ಓಡಿಸಿದೆ. ಕಾಲೇಜಿನ ಗೇಟಿನ ವಾಚ್‌ಮನ್ ನನ್ನ ಕೈ ನೋಡಿದ. ಬೆವರಿಗೆ ಹಿಟ್ಟು ಅಂಟಿ ಬೆಳ್ಳಗಾಗಿತ್ತು. ಸೀಮೆಸುಣ್ಣ ಅಂದುಕೊಂಡನೋ ಏನೋ, ಸೆಲ್ಯೂಟ್ ಹೊಡೆದುಬಿಟ್ಟ!

"ಬನ್ನಿ ಸಾ, ಬನ್ನಿ. ಲೇಟಾಯ್ತಲ್ಲಾ ಸಾ. ಡ್ಯೂಟಿ ಯಾವ ರೂಮ್ಗೆ?"

ಅಲ್ಲಪ್ಪಾ, ನಾನು ಗಿರಣಿಯವನು ಅನ್ನಬೇಕಿತ್ತು. ಗಂಭೀರವಾಗಿ ತಲೆಯಾಡಿಸಿ ಒಳಗೆ ನಡೆದೆ. ಹುಡುಗರು ದಾರಿ ಬಿಟ್ಟರು. ಒಬ್ಬ "ನಮಸ್ತೆ ಸಾ" ಅಂದ. ಮೂವತ್ತೆರಡು ಹೆಜ್ಜೆಯ ಆ ವರಾಂಡದಲ್ಲಿ, ಜೀವಮಾನದಲ್ಲಿ ಮೊದಲ ಸಲ, ನಾನು ನಿಧಾನವಾಗಿ ನಡೆದೆ.

ಕೊನೆಯಲ್ಲಿ ಅಳುತ್ತಾ ನಿಂತಿದ್ದವಳು ಹಾಲ್ ಟಿಕೆಟ್ ಕಸಿದುಕೊಂಡು, "ವಸಿ ಕೈ ತೊಳ್ಕೊಂಡ್ ಬರ್ಬಾರ‍್ದಿತ್ತಾ ಮಾವ!" ಅಂದಳು.

"ತೊಳ್ಕೊಂಡಿದ್ರೆ ಗೇಟಲ್ಲೇ ನಿಲ್ಲುಸ್ತಿದ್ರು ಕಣವ್ವ."

ಪಾಸಾದಳು. ಮುದ್ದೆಯ ಉದಾಹರಣೆಯನ್ನೇ ಬರೆದಳಂತೆ. ಸೀರೆ ಮಡಚುವುದು ತಪ್ಪಿತು. ಈಗ ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದಾಳೆ, ಎಂ.ಎ. ಅರ್ಥಶಾಸ್ತ್ರವೇ! ಇಲ್ಲಿ ಸಂಜೆ ರೈಲು ದಿನಾ ಕೂಗುತ್ತದೆ. ನಾನು ಮಿಷನ್ ನಿಲ್ಲಿಸುವುದಿಲ್ಲ.

ಗಿರಣಿಯ ಮೂಲೆಯಲ್ಲಿ ನಮ್ಮ ಮನೆಯದೇ ಒಂದು ಅಕ್ಕಿ ಡಬ್ಬಿ ಇದೆ. ಅದರ ಮೇಲೆ ಅವಳು ಬರೆದ ಕೊನೆಯ ಪ್ರಶ್ನೆ ಹಾಗೇ ಇದೆ: 'ಈ ನಿಯಮಕ್ಕೆ ಅಪವಾದಗಳಾವುವು?' ಆ ಪಾಠ ಹೇಳುವಷ್ಟರಲ್ಲಿ ಪರೀಕ್ಷೆ ಬಂದುಬಿಟ್ಟಿತ್ತು. ಸಿಗುತ್ತಾ ಸಿಗುತ್ತಾ ಆಸೆ ಇಳಿಯುತ್ತದೆ, ಸರಿ. ಒಂದು ತುತ್ತು ಮಾತ್ರ ಸಿಕ್ಕಿ, ಎಲೆ ಎತ್ತಿಬಿಟ್ಟರೆ? ಅದಕ್ಕೇನು ನಿಯಮ? ಕೇಳೋಣವೆಂದರೆ ಅವಳಿಲ್ಲ.

ಹೋದ ಭಾನುವಾರ ಫೋನು ಮಾಡಿದ್ದಳು. "ಮಾವ, ಡಬ್ಬಿ ಮ್ಯಾಲೆ ಬರ‍್ದಿದ್ನಲ್ಲಾ, ಅದ್ನ ಅಳಿಸ್ಬುಟ್ಯಾ?"

"ಅವತ್ತೇ ಅಳಿಸ್ದೆ ಕಣವ್ವ. ಡಬ್ಬಿ ಬೇಕಾಗಿತ್ತು" ಅಂದೆ.

ಫೋನಿಟ್ಟು ಹೋಗಿ ನೋಡಿದೆ. ಅಕ್ಷರಗಳ ಮೇಲೆ ಮತ್ತೆ ಹಿಟ್ಟು ಕೂತಿತ್ತು. ಬಟ್ಟೆಯಲ್ಲಿ ಒರೆಸಿದರೆ ಅಳಿಸಿಹೋಗುತ್ತದೆ. ಅದಕ್ಕೇ ದಿನಾ ಮಾಡುವ ಹಾಗೆ ಬಗ್ಗಿ, ಬಾಯಲ್ಲಿ ಮೆಲ್ಲಗೆ ಊದಿದೆ.